ಏರಿನಲ್ಲಿ ಇಳಿದವಳು

ಅಪ್ಪಾಜಿ,

ನಿಮ್ಮ ಮಗಳು ಹಾಲಮ್ಮ ಬರೆಯುತ್ತಿದ್ದೇನೆ. ‘ಇತ್ತ ನಾವು ಕ್ಷೇಮ’ ಅಂತ ಬರೆದಾಯಿತು, ‘ಅತ್ತ ನಿಮ್ಮ ಕ್ಷೇಮಕ್ಕೆ’ ಅನ್ನುವ ಸಾಲಿಗೆ ಬಂದಾಗ ಕೈ ನಿಂತಿತು. ತೀರಿಕೊಂಡವರ ಕ್ಷೇಮ ಕೇಳುವುದು ಹೇಗೆ ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದಿರಲ್ಲ, ಐದನೇ ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದರೋ ಏನೋ. ಸಿಟ್ಟಾಗಬೇಡಿ. ಹೆದರಿಕೆಯಾದಾಗ ನನ್ನ ಬಾಯಿಗೆ ಇಂಥ ಮಾತು ಬರುತ್ತದೆ, ನಿಮಗೆ ಗೊತ್ತಲ್ಲ. ಈ ಕಾಗದ ಬರೆಯುವುದಕ್ಕೂ ನನಗೆ ಹೆದರಿಕೆಯೇ.

ಬೆಂಗಳೂರಿನ ಏರೋಡ್ರೋಮಿನ ತಂತಿಬೇಲಿ ಹಿಡಿದುಕೊಂಡು ನೀವು ನಿಂತಿದ್ದಿರಿ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದಿರಿ. ಬೀಸುತ್ತಿದ್ದಿರೋ ಕಣ್ಣು ಒರೆಸಿಕೊಳ್ಳುತ್ತಿದ್ದಿರೋ, ಆ ಸಣ್ಣ ಗಾಜಿನ ಕಿಟಕಿಯಿಂದ ನನಗೆ ಸರಿಯಾಗಿ ಕಾಣಲಿಲ್ಲ. ನಾನು ನಿಮ್ಮನ್ನು ನೋಡಿದ್ದು ಅದೇ ಕೊನೆ. ವಿಮಾನ ನೆಟ್ಟಗೆ ನೆಲಕ್ಕೆ ಇಳಿಯಿತೇ, ಮಗಳು ಆಸ್ಪತ್ರೆ ಮುಟ್ಟಿದಳೇ, ಅಳಿಯ ಉಳಿದನೇ, ಇದರಲ್ಲಿ ಒಂದೂ ತಿಳಿಯದೆ ನೀವು ಹೊರಟುಹೋದಿರಿ. ನ್ಯಾಮತಿಯ ಮೋಟಾರು ಸ್ಟ್ಯಾಂಡಿನಲ್ಲಿ ವರ್ಷಾನುಗಟ್ಟಲೆ ಏಜೆಂಟಾಗಿ ಕೂತು, ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿದೆ, ಯಾರ ಮನೆಗೆ ಯಾವ ನೆಂಟರು ಬರುತ್ತಿದ್ದಾರೆ ಅಂತ ಊರಿಗೆಲ್ಲ ಸುದ್ದಿ ಕೊಡುತ್ತಿದ್ದವರು ನೀವು. ನಿಮಗೇ ಸುದ್ದಿ ಸಿಗಲಿಲ್ಲ. ಊರವರಿಗೆ ನಾನು ಹೇಳಿರುವುದು ಅರ್ಧ. ನಿಮಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ತಂತಿ ಬಂದ ದಿನ ನಾನು ಜಗಳೂರಿನ ನಮ್ಮ ಅಂಗಳದಲ್ಲಿ ಶೇಂಗಾ ಹರವುತ್ತಿದ್ದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ. ಇವರು ಜೊತೆಗಾರ ರುದ್ರಪ್ಪನನ್ನು ಕಟ್ಟಿಕೊಂಡು ಶೇಂಗಾ ಸುಲಿಯುವ ಮಿಷನ್ನು ತರಲು ಮುಂಬಯಿಗೆ ಹೋಗಿದ್ದರು. (ನಿಮ್ಮ ಅಳಿಯಂದಿರ ಹೆಸರನ್ನು ನಾನು ಕಾಗದದಲ್ಲೂ ಬರೆಯುವವಳಲ್ಲ. ‘ಇವರು’ ಅಂದರೆ ನಿಮಗೆ ತಿಳಿಯುತ್ತದೆ.) ಪೋಸ್ಟ್ ಮಾಸ್ತರರು ತಂತಿ ಓದಿ ನಮ್ಮ ಭಾವನವರಿಗೆ ಕನ್ನಡದಲ್ಲಿ ಹೇಳಿದರು. ಮಿಷನ್ನಿನ ಪೆಟ್ಟಿಗೆ ಇವರ ಕಾಲಿನ ಮೇಲೆ ಬಿದ್ದಿದೆ, ಗಾಯ ಕೊಳೆತು ನಂಜು ಮೇಲಕ್ಕೆ ಏರುತ್ತಿದೆ, ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ, ಇವರು ಸುತರಾಂ ಒಪ್ಪುತ್ತಿಲ್ಲ, ಹೆಂಡತಿಯನ್ನು ಕೂಡಲೇ ಕಳಿಸಿ. ಕಳಿಸಿ ಅಂದರೆ ಏನು? ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ಇಷ್ಟು ಬಿಟ್ಟು ನಾನು ಎಲ್ಲಿಗೆ ಹೋದವಳು? ನನ್ನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು.

ದಾವಣಗೆರೆ ಸ್ಟೇಷನ್ನಿನಲ್ಲಿ ನೀವು ನಮಗಿಂತ ಮೊದಲೇ ಬಂದು ಕಾಯುತ್ತಿದ್ದಿರಿ. ಯಾವ ಬಸ್ಸಿನ ಯಾವ ಡ್ರೈವರ್ ನಿಮಗೆ ಅಷ್ಟು ಬೇಗ ಸುದ್ದಿ ಮುಟ್ಟಿಸಿದನೋ ನಾನು ಕೇಳಲಿಲ್ಲ. ಭಾವನವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

“ರೈಲಿನಾಗೆ ಹೋದ್ರೆ ನಾಡಿದ್ದು ಮುಟ್ಟೋದು. ಅಷ್ಟೊತ್ತಿಗೆ ಏನಾಗಿರ್ತೈತೋ,” ಅಂದರು.

ಆಗ ನೀವು ವಿಮಾನದ ಮಾತು ತೆಗೆದಿರಿ. ಅಲ್ಲಿನ ಹತ್ತಿ ಸಾಹುಕಾರರೊಬ್ಬರು ಮರುದಿನ ಬೆಂಗಳೂರಿನಿಂದ ವಿಮಾನದಲ್ಲಿ ಮುಂಬಯಿಗೆ ಹೊರಟಿದ್ದರು, ನಿಮ್ಮ ಹಳೆಯ ಪರಿಚಯ. ನೀವು ಅವರ ಮನೆಗೆ ಹೋಗಿ ಏನು ಹೇಳಿದಿರೋ, ತಮ್ಮ ಜಾಗ ಬಿಟ್ಟುಕೊಟ್ಟರು. ಜಾಗ ಇದ್ದದ್ದು ಒಂದೇ. ಭಾವನವರು, “ಹಂಗಾರೆ ನಾನೇ ಹೋಗ್ತೀನಿ,” ಅಂತ ಎದ್ದರು.

“ಬೀಗ್ರೆ, ಜತೀಗಿರೋ ರುದ್ರಪ್ಪ ಹೇಳಿದ್ರೇ ಕೇಳದೋನು ನಿಮ್ಮ ಮಾತು ಕೇಳ್ತಾನೇನ್ರಿ? ಇವಳು ಹೋಗ್ಲಿ. ನೀವು ರೈಲಿಗೆ ಹೋಗ್ರಿ,” ಅಂದಿರಿ.

ಅಷ್ಟು ಹೇಳಿ ನನ್ನ ಕಡೆ ನೋಡಲೇ ಇಲ್ಲ ನೀವು. ನನ್ನ ಮುಖ ನೋಡಿದ್ದರೆ ಕಳಿಸುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ರಾತ್ರಿ ರೈಲು ಹಿಡಿದು ನಾವಿಬ್ಬರೂ ಬೆಂಗಳೂರು ಸೇರಿದೆವು. ಏರೋಡ್ರೋಮಿನಲ್ಲಿ ನೀವು ಮಾಡಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಒಬ್ಬಂಟಿ ಹೆಂಗಸನ್ನು ಬಸ್ಸು ಹತ್ತಿಸುವಾಗ ಡ್ರೈವರನಿಗೆ ಹೇಳುತ್ತಿದ್ದದ್ದನ್ನೇ ವಿಮಾನದವರಿಗೂ ಹೇಳಿದಿರಿ. ಬಿಳಿ ಬಟ್ಟೆ ತೊಟ್ಟು ಟೋಪಿ ಹಾಕಿದ್ದವರ ಮುಂದೆ ಹೋಗಿ ಕೈ ಮುಗಿದು, “ಡ್ರೈವರ್ ಸಾಹೇಬ್ರೆ, ಹೆಣ್ಮಗಳು ಒಬ್ಳೇ ಐದಾಳೆ. ಮುಂದಿನ ಸೀಟು ಕೊಡ್ರಿ, ಹಿಂದೆ ಕೂತ್ರೆ ವಾಂತಿ ಮಾಡ್ಕೊಂತಾಳೆ. ಬೊಂಬಾಯಿ ಬಂದಾಗ ಕೂಗಿ ಇಳಿಸ್ರಿ,” ಅಂದಿರಿ. ಅವರು ಕನ್ನಡದವರೇ, ಒಳ್ಳೆಯವರು. “ಮಧ್ಯದಲ್ಲಿ ಎಲ್ಲೂ ನಿಲ್ಲಿಸೋದಿಲ್ಲ ಯಜಮಾನರೆ, ತಪ್ಪಿ ಇಳಿಯೋ ಹಾಗೇ ಇಲ್ಲ,” ಅಂದರು. ನೀವು ನನ್ನ ಕಡೆ ತಿರುಗಿ, “ಮೋಟಾರು ಹತ್ತಿದಂಗೇ ಕಣವ್ವ. ಕೆಳಗೆ ರೋಡು ಇರಾಂಗಿಲ್ಲ, ಅಷ್ಟೇಯ,” ಅಂದಿರಿ. ಬಟ್ಟೆಯ ಗಂಟು ನನ್ನ ಕೈಗೆ ಕೊಟ್ಟಿರಿ. ಗಂಟಿನೊಳಗೆ ಆಸ್ಪತ್ರೆಯ ವಿಳಾಸದ ಚೀಟಿ ಇತ್ತು. “ಇಳಿದ ಮ್ಯಾಲೆ ಕಂಪ್ನಿ ಮೋಟಾರು ಊರೊಳಕ್ಕೆ ಕರ್ಕೊಂಡು ಹೋಗ್ತೈತೆ. ಅದು ಕಡೀಗೆ ಎಲ್ಲಿ ನಿಲ್ತೈತೋ ಅಲ್ಲಿ ರುದ್ರಪ್ಪ ಬಂದಿರ್ತಾನೆ, ತಂತಿ ಕೊಟ್ಟೀನಿ. ಅವನ ಮುಖ ಕಾಣೋತಂಕ ಯಾರ ಹಿಂದೂ ಹೋಗಬ್ಯಾಡ.”

ವಿಮಾನ ಮೇಲಕ್ಕೆ ಎದ್ದಾಗ ನಾನು ಕೊರಳಿನ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಆಮೇಲೆ ಏನು ಕಂಡಿರಿ, ಮೋಡ ಕಂಡಿರಾ, ಹೊಲಗದ್ದೆ ಹೇಗೆ ಕಂಡವು ಅಂತ ಜಗಳೂರಿನ ಹೆಂಗಸರು ಇವತ್ತಿಗೂ ಕೇಳುತ್ತಾರೆ. ನಾನು ಒಂದೊಂದು ದಿನ ಒಂದೊಂದು ಕಥೆ ಹೇಳುತ್ತೇನೆ. ನಿಜ ಹೇಳಲೇ? ನನಗೆ ಕಂಡದ್ದು ನನ್ನ ಮುಂದಿನ ಸೀಟಿನ ಬೆನ್ನು ಮಾತ್ರ. ಆ ಬೆನ್ನಿಗೆ ಹೊದಿಸಿದ ಬಟ್ಟೆಯ ಹೊಲಿಗೆ ಬೇಕಾದರೆ ಈಗಲೂ ಹಾಕಿ ತೋರಿಸುತ್ತೇನೆ. ನಾನು ಹೋಗುವಷ್ಟರಲ್ಲಿ ಇವರು ಇರುತ್ತಾರೋ ಇಲ್ಲವೋ, ಇದ್ದರೂ ನಾನು ಏನು ಹೇಳಬೇಕು, ಕಾಲು ಕೊಡಿ ಅಂತ ಗಂಡನನ್ನು ಕೇಳುವುದು ಹೇಗೆ… ಇದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಒಮ್ಮೆ ವಿಮಾನ ಕೆಳಕ್ಕೆ ಜಗ್ಗಿತು. ಸತ್ತೆವು ಅಂದುಕೊಂಡೆ. ಪಕ್ಕದಲ್ಲಿದ್ದ ಮುದುಕರು ನಿದ್ದೆಯಿಂದ ಏಳಲೂ ಇಲ್ಲ.

ಯುದ್ಧದ ಕಾಲದಲ್ಲಿ ನಾವು ಅವ್ವನ ತವರಿಗೆ ಹೋಗುತ್ತಿದ್ದ ಬಸ್ಸನ್ನು ನೆನಪು ಮಾಡಿಕೊಳ್ಳಿ ಅಪ್ಪಾಜಿ. ಅದು ನೆನಪಾಗದಿದ್ದರೆ ಮುಂದೆ ನಡೆದದ್ದಕ್ಕೆ ನೀವು ನನ್ನನ್ನು ಬೈಯುತ್ತೀರಿ. ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಚನ್ನಗಿರಿ ದಾಟಿ ಸೂಳೆಕೆರೆ ಕಡೆಗೆ ಏರು ಬಂದಾಗ ಅದು ಉಸ್ಸೆಂದು ನಿಂತುಬಿಡುತ್ತಿತ್ತು. ಕಂಡಕ್ಟರು ಕೂಗಿದರೂ ಜನ ಸೀಟಿಗೆ ಅಂಟಿಕೊಂಡು ಕೂತಿರುತ್ತಿದ್ದರು, ಇಳಿದರೆ ಜಾಗ ಹೋಗುತ್ತದೆ ಅಂತ. ಆಗ ನೀವು ನನ್ನ ಬೆನ್ನು ತಟ್ಟಿ, “ಏಜೆಂಟನ ಮಗಳು ಮೊದ್ಲು ಇಳೀಬೇಕು. ನಿನ್ನ ನೋಡಿ ನಾಚಿಕಿ ಆಗಿ ಉಳಿದೋರು ಇಳೀತಾರೆ,” ಅನ್ನುತ್ತಿದ್ದಿರಿ. ನಾನು ಗಂಟು ಸೀಟಿನ ಮೇಲೇ ಬಿಟ್ಟು ಇಳಿಯುತ್ತಿದ್ದೆ. ಗಂಟು ಇದ್ದ ಕಡೆ ಯಾರೂ ಕೂರುವುದಿಲ್ಲವಲ್ಲ, ಅದು ನಮ್ಮ ಕಡೆಯ ಮರ್ಯಾದೆ. ಇಳಿದು ಹಿಂದೆ ಹೋಗಿ ಎಲ್ಲರ ಜೊತೆ ನೂಕಿ, ಏರು ದಾಟಿದ ಮೇಲೆ ಓಡಿ ಹೋಗಿ ಹತ್ತುವುದು. ಮದುವೆಯಾಗಿ ಜಗಳೂರಿಗೆ ಬಂದ ಮೇಲೂ ನನಗೆ ಅದೇ ಅಭ್ಯಾಸ. ಏರು ಕಂಡರೆ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು.

ಮುಂಬಯಿಯಲ್ಲಿ ವಿಮಾನದಿಂದ ಇಳಿದಾಗ ಮಧ್ಯಾಹ್ನ ಕಳೆದಿತ್ತು. ಕಂಪನಿಯ ಮೋಟಾರು ಬಂದು ನಿಂತಿತು, ನಾನು ಹಿಂದಿನ ಬಾಗಿಲ ಪಕ್ಕ ಕೂತೆ. ಕೋಟು ತೊಟ್ಟ ಗಂಡಸರು, ಕಾಲಿಗೆ ಬೂಟು ಹಾಕಿದ ಹೆಂಗಸು. ಯಾರ ಮಾತೂ ತಿಳಿಯದು. ಒಂದಷ್ಟು ದೂರ ಹೋದ ಮೇಲೆ ರೈಲು ಹಳಿಯ ಮೇಲೆ ಕಟ್ಟಿದ ದೊಡ್ಡ ಸೇತುವೆ ಬಂತು. ಅದರ ಏರಿನ ಬುಡದಲ್ಲಿ ಎತ್ತಿನ ಗಾಡಿಗಳ ಸಾಲು, ನಮ್ಮ ಮೋಟಾರು ಗೊರಗೊರ ಅನ್ನುತ್ತ ನಿಂತಿತು. ಯಾರೂ ಅಲುಗಾಡಲಿಲ್ಲ. ಎಲ್ಲಾದರೂ ಜನ ಹೀಗೇ, ನಾನೇ ಮೊದಲು ಇಳಿಯಬೇಕು ಅಂದುಕೊಂಡೆ. ಬಾಗಿಲು ತೆಗೆದು ಇಳಿದೆ, ಗಂಟು ಸೀಟಿನ ಮೇಲೇ ಬಿಟ್ಟೆ. ಹಿಂದೆ ಹೋಗಿ ಸೆರಗು ಸಿಕ್ಕಿಸಿಕೊಂಡು ಮೋಟಾರಿನ ಬೆನ್ನಿಗೆ ಎರಡೂ ಕೈ ಕೊಟ್ಟು ನಿಂತೆ. ಈಗ ಇಳಿಯುತ್ತಾರೆ, ಈಗ ಇಳಿಯುತ್ತಾರೆ ಅಂತ ನೋಡುತ್ತಿದ್ದೆ. ಮೋಟಾರು ಒಂದು ಸಲ ಗುಟುರು ಹಾಕಿ, ನನ್ನ ಕೈಯಿಂದ ಜಾರಿ, ಏರನ್ನು ಸಲೀಸಾಗಿ ಹತ್ತಿಹೋಯಿತು.

ಹಿಂದೆ ಓಡಿದೆ ಅಪ್ಪಾಜಿ. ಸೇತುವೆಯ ನೆತ್ತಿ ಮುಟ್ಟುವವರೆಗೂ ಓಡಿದೆ. ಅಲ್ಲಿ ನಿಂತು ನೋಡಿದರೆ ನಮ್ಮ ಮೋಟಾರು ಯಾವುದು, ಬೇರೆ ಯಾವುದು, ಎಲ್ಲ ಒಂದೇ. ಒಂದು ಕಡೆ ಕೆಸರಿನ ವಾಸನೆ ಬರುವ ನೀರು, ಅದಕ್ಕೆ ಆಚೆ ದಡವೇ ಇರಲಿಲ್ಲ. ಇನ್ನೊಂದು ಕಡೆ ಮನೆಗಳ ಮೇಲೆ ಮನೆಗಳು. ಪಾಕಿಸ್ತಾನದ ಕಡೆಯಿಂದ ಬಂದ ನಿರಾಶ್ರಿತರು ಅಂತ ಆಮೇಲೆ ಗೊತ್ತಾಯಿತು, ರಸ್ತೆಯ ಅಂಚಿನಲ್ಲೇ ಗೋಣಿತಾಟು ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದರು. ನನ್ನ ವಿಳಾಸದ ಚೀಟಿ ಹೋಗಿತ್ತು, ರುದ್ರಪ್ಪ ಎಲ್ಲಿ ಕಾಯುತ್ತಿದ್ದಾನೆ ಅನ್ನುವುದು ಹೋಗಿತ್ತು. ನನ್ನ ಹತ್ತಿರ ಉಳಿದದ್ದು ಸೊಂಟದ ಸಂಚಿಯಲ್ಲಿದ್ದ ಚಿಲ್ಲರೆ, ಮತ್ತೆ ನೀವು ರೈಲಿನಲ್ಲಿ ಬಾಯಿಪಾಠ ಮಾಡಿಸಿದ ‘ಪರೇಲ್ ಆಸ್ಪತ್ರೆ’ ಅನ್ನುವ ಎರಡು ಮಾತು. ಇಲ್ಲೇ ಕೂತುಬಿಟ್ಟರೆ ಯಾರಿಗೂ ನಾನು ಸಿಗುವುದಿಲ್ಲ, ಇವರಿಗೆ ನಾನು ಬಂದದ್ದೂ ತಿಳಿಯುವುದಿಲ್ಲ, ಒಪ್ಪಿಸುವವರಿಲ್ಲದೆ ನಂಜು ಏರಿಬಿಡುತ್ತದೆ… ಅಷ್ಟು ಹೆದರಿಕೆ ನನಗೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಒಂದು ಸಲ ಬಿಟ್ಟರೆ ಆಗಿಲ್ಲ.

ಸೇತುವೆ ಇಳಿದ ಮೇಲೆ ಕೆಂಪು ಬಣ್ಣದ ಬಸ್ಸೊಂದು ಬರುವುದು ಕಂಡಿತು. ನಮ್ಮೂರಲ್ಲಿ ಮಾಡುವ ಹಾಗೆ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದೆ. ಡ್ರೈವರನು ಪಕ್ಕಕ್ಕೆ ತಿರುಗಿಸಿಕೊಂಡು ಏನೋ ಬೈದು ಹೋದ. ಬಸ್ಸು ನಿಲ್ಲದೆ ಹೋದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನ್ಯಾಮತಿ ಏಜೆಂಟರ ಮಗಳಿಗೆ ನಿಲ್ಲದ ಬಸ್ಸು ಇದೆಯೇ? ಮುಂದೆ ಒಂದು ಕಂಬದ ಹತ್ತಿರ ಜನ ಒಬ್ಬರ ಹಿಂದೆ ಒಬ್ಬರು ಸಾಲು ನಿಂತಿದ್ದರು. ಇನ್ನೊಂದು ಬಸ್ಸು ಬಂದು ನಿಂತಿತು. ಮೊದಲು ಬಾಗಿಲು ಮುಟ್ಟಿದವರಿಗೆ ಬಸ್ಸು ಅನ್ನುವುದು ನಮ್ಮ ನ್ಯಾಯವಲ್ಲವೇ, ನಾನು ಓಡಿಹೋಗಿ ಬಾಗಿಲಿಗೆ ಕೈ ಹಾಕಿದೆ. ಸಾಲಿನವರೆಲ್ಲ ಒಂದೇ ಸಲ ಕೂಗಿಕೊಂಡರು. ಒಬ್ಬ ಗಂಡಸು ಬಂದು ನನ್ನ ಮುಂದೆ ಕೈ ಅಡ್ಡ ಹಿಡಿದು ಹಿಂದಕ್ಕೆ ತೋರಿಸಿದ. ಹೊಡೆಯುತ್ತಾರೆ ಅಂತಲೇ ತಿಳಿದೆ. ಸೆರಗು ಬಾಯಿಗೆ ಇಟ್ಟುಕೊಂಡು ಸಾಲಿನ ಬಾಲಕ್ಕೆ ಹೋಗಿ ನಿಂತೆ. ಅಲ್ಲಿ ಅಳು ತಡೆಯಲಿಲ್ಲ.

“ಯಾಕವ್ವಾ, ಯಾಕ ಅಳಾಕತ್ತೀ? ಯಾವೂರಾಕಿ ನೀ?”

ನನ್ನ ಮುಂದೆ ನಿಂತಿದ್ದವಳು ತಿರುಗಿ ಕೇಳಿದಳು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೈಗೆಲ್ಲ ಒಣಗಿದ ಗಾರೆ. ಕನ್ನಡ ಕೇಳಿದ ಕೂಡಲೇ ಅವಳ ಮುಂಗೈ ಹಿಡಿದುಬಿಟ್ಟೆ. ಬಿಜಾಪುರದ ಕಡೆಯವಳು, ಹೆಸರು ಕಲ್ಲವ್ವ, ಮನೆ ಕಟ್ಟುವ ಕಡೆ ಕೂಲಿ. ನನ್ನ ಕಥೆ ಕೇಳಿ, “ನಾ ಆ ಕಡೆ ಹೋಗಾಕಿ ಅಲ್ಲ. ಇರಲಿ ಬಾ, ಮುಟ್ಟಿಸಿ ಬರ್ತೀನಿ,” ಅಂದಳು. ಆಗ ನನಗೆ ನೀವು ಹೇಳಿದ್ದು ನೆನಪಾಯಿತು, ಯಾರ ಹಿಂದೂ ಹೋಗಬ್ಯಾಡ ಅಂದಿದ್ದು. ಬೊಂಬಾಯಿಯಲ್ಲಿ ಹೆಂಗಸರನ್ನು ನಯವಾಗಿ ಮಾತಾಡಿಸಿ ಕರೆದುಕೊಂಡು ಹೋಗಿ ಮಾರುತ್ತಾರೆ ಅಂತ ಜಗಳೂರಿನಲ್ಲಿ ಹೇಳುತ್ತಿದ್ದದ್ದೂ ನೆನಪಾಯಿತು. ಹಿಡಿದ ಮುಂಗೈ ಬಿಟ್ಟೆ. ಮುಂದಿನ ಬಸ್ಸು ಬಂತು, ಸಾಲು ಕರಗಿತು, ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ನನ್ನ ಕಡೆ ನೋಡಿದಳು.

“ಬರ್ತೀಯೋ ಇಲ್ಲೋ? ನಂಗೂ ಮನ್ಯಾಗ ಮಕ್ಕಳದಾವ,” ಅಂದಳು.

ಅವಳ ದನಿಯಲ್ಲಿ ಸಿಟ್ಟು ಇತ್ತು. ಮಾರುವವಳು ಸಿಟ್ಟು ಮಾಡುತ್ತಾಳೆಯೇ? ಅಷ್ಟನ್ನೇ ನಂಬಿಕೊಂಡು ಹತ್ತಿದೆ.

ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ, ನಾನು ಬಾಗಿಲ ಕಡೆ. ಓಡುವುದಾದರೆ ಓಡಲು ಅನುಕೂಲ ಅಂತ ನಾನೇ ಆ ಜಾಗ ಆರಿಸಿದ್ದೆ. ಕಂಡಕ್ಟರು ಸೂರಿನ ಹಗ್ಗ ಎಳೆದರೆ ಟಣ್ ಅನ್ನುತ್ತಿತ್ತು. ಒಂದು ಸಲ ಟಣ್ ಅಂದರೆ ನಿಲ್ಲುತ್ತಿತ್ತು, ಎರಡು ಸಲ ಅಂದರೆ ಹೊರಡುತ್ತಿತ್ತು. ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಒಬ್ಬ ಮುದುಕಿ ಒಂದು ಕಾಲು ಇಟ್ಟಿದ್ದಳು, ಇನ್ನೊಂದು ಕಾಲು ನೆಲದಲ್ಲೇ ಇತ್ತು, ಹಗ್ಗ ಎಳೆದೇಬಿಟ್ಟ. ನೀವಾಗಿದ್ದರೆ ಆ ಕಂಡಕ್ಟರನ ಕಿವಿ ಹಿಂಡುತ್ತಿದ್ದಿರಿ. ನಾನು ಸಂಚಿಯ ಚಿಲ್ಲರೆ ಅಂಗೈಯಲ್ಲಿ ಹರವಿ ಹಿಡಿದೆ, ಅವನು ಬೇಕಾದಷ್ಟು ಆರಿಸಿಕೊಂಡು ಚೀಟಿ ತೂತು ಮಾಡಿ ಕೊಟ್ಟ. ಪ್ರತಿ ಸಲ ಬಸ್ಸು ನಿಂತಾಗಲೂ ನಾನು ಏಳುತ್ತಿದ್ದೆ, ಪ್ರತಿ ಸಲವೂ ಕಲ್ಲವ್ವ ನನ್ನ ಮೊಣಕಾಲು ಒತ್ತಿ ಕೂರಿಸುತ್ತಿದ್ದಳು. “ನಾ ಏಳೂತನಕ ಏಳಬ್ಯಾಡ,” ಅನ್ನುತ್ತಿದ್ದಳು. ಕಿಟಕಿಯ ಹೊರಗೆ ಊರು ಮುಗಿಯುತ್ತಲೇ ಇರಲಿಲ್ಲ. ಇಷ್ಟು ದೂರ ಕರೆದುಕೊಂಡು ಹೋಗುತ್ತಿದ್ದಾಳಲ್ಲ, ನಿಜವಾಗಿ ಆಸ್ಪತ್ರೆಗೇನಾ ಅಂತ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ.

ದಾದರ್ ಅನ್ನುವ ಕಡೆ ಇಳಿಸಿ ಟ್ರಾಮು ಹತ್ತಿಸಿದಳು. ರಸ್ತೆಯ ನಡುವೆಯೇ ಹಳಿ, ಅದರ ಮೇಲೆ ರೈಲಿನ ಮರಿಯಂಥದು. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು. ಹಳಿ ಬಿಟ್ಟು ಬೇರೆ ಸಂದಿಗೆ ನನ್ನನ್ನು ಕದ್ದೊಯ್ಯಲಾರದಲ್ಲ. ಆಸ್ಪತ್ರೆಯ ಕಲ್ಲಿನ ಕಟ್ಟಡ ಕಂಡಾಗ ನಾನು ಕಲ್ಲವ್ವನ ಕಾಲಿಗೆ ಬೀಳಲು ಹೋದೆ. ಅವಳು ನನ್ನನ್ನು ಎಳೆದುಕೊಂಡು ಬಾಗಿಲಲ್ಲಿ ಕೂತಿದ್ದ ಗುಮಾಸ್ತನ ಮುಂದೆ ನಿಲ್ಲಿಸಿದಳು. ಅವನು ಕೇಳಿದ್ದನ್ನು ನನಗೆ ಹೇಳಿದಳು, “ಗಂಡನ ಹೆಸರೇನ?”

ಸಾಯುತ್ತಿರುವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿ ಇದ್ದ ಆಯುಸ್ಸನ್ನೂ ಕಳೆಯಲೇ? “ಈಶ್ವರನ ಗುಡಿ ಮುಂದೆ ಕೂತಿರ್ತಾನಲ್ಲ…” ಅಂದೆ.

“ಅಷ್ಟ ಹೇಳಾಕ ಇಷ್ಟ ಹೊತ್ತಾ?” ಅಂದು ಕಲ್ಲವ್ವ ಆ ಹೆಸರನ್ನು ತಾನೇ ಗುಮಾಸ್ತನಿಗೆ ಹೇಳಿದಳು. ಗುಮಾಸ್ತ ಒಳಗೆ ಕೈ ತೋರಿಸಿದ. ನಾನು ಓಡಿದೆ. ಅವಳಿಗೆ ಬರುತ್ತೇನೆ ಅಂತ ಸಹ ಹೇಳಲಿಲ್ಲ.

ಇವರ ಮಂಚದ ಹತ್ತಿರ ಹೋದಾಗ ಮೊದಲು ಬಂದದ್ದು ವಾಸನೆ. ಅದನ್ನು ಬರೆಯುವುದಿಲ್ಲ. ಮೈ ಕೆಂಡ, ಕಣ್ಣು ಕೆಂಪು. ನನ್ನನ್ನು ನೋಡಿ, “ಹಾಲಮ್ಮಾ,” ಅಂದರು. ಮದುವೆಯಾದ ಮೇಲೆ ಇವರು ನನ್ನ ಹೆಸರು ಹಿಡಿದು ಕರೆದದ್ದು ಅವತ್ತೇ ಮೊದಲು. “ಕಾಲು ತೆಗಿಯಾಕೆ ಬಿಡಬ್ಯಾಡ. ಕುಂಟನ್ನ ಮಾಡಿ ಜಗಳೂರಿಗೆ ಕರ್ಕೊಂಡು ಹೋಗಬ್ಯಾಡ. ಸತ್ರೆ ಇಡೀ ಮನುಷ್ಯನಾಗೇ ಸಾಯ್ತೀನಿ. ನನ್ನಾಣೆ ಐತೆ.” ಅಷ್ಟರಲ್ಲಿ ರುದ್ರಪ್ಪ ನನ್ನ ಗಂಟು ಹಿಡಿದುಕೊಂಡು ಏದುಸಿರು ಬಿಡುತ್ತ ಬಂದ. ಮೋಟಾರಿನಲ್ಲಿ ಗಂಟು ಬಂದು ಹೆಂಗಸು ಬಾರದ್ದು ನೋಡಿ ಅವನ ಜೀವ ಅರ್ಧ ಹೋಗಿತ್ತು. ಡಾಕ್ಟರು ಹೇಳಿದ್ದನ್ನು ಅವನೇ ನನಗೆ ಕನ್ನಡದಲ್ಲಿ ಹೇಳಿದ. ಬೆಳಗಿನ ಸುತ್ತು ಮುಗಿಸಿ ಡಾಕ್ಟರು ಬರುವಷ್ಟರಲ್ಲಿ ಇವರು ಒಪ್ಪಬೇಕು. ಇವರಿಗೆ ಎಚ್ಚರ ತಪ್ಪಿದರೆ ಹೆಂಡತಿ ಸಹಿ ಹಾಕಬಹುದು. ಅದಕ್ಕಿಂತ ತಡವಾದರೆ ಕತ್ತರಿಸಿದರೂ ಪ್ರಯೋಜನವಿಲ್ಲ.

ಬೆಳಗಾಗುವವರೆಗೆ ನಾನು ಇವರನ್ನು ಬೇಡಿಕೊಂಡೆ. ಇವರದು ಒಂದೇ ಮಾತು, ನನ್ನಾಣೆ ಐತೆ. ಬಿಸಿಲು ಬರುವ ಹೊತ್ತಿಗೆ ಮಾತೂ ನಿಂತು ಬರಿಯ ನರಳಾಟ ಉಳಿಯಿತು. ಡಾಕ್ಟರು ಬಂದರು. ರುದ್ರಪ್ಪ ಕಾಗದ, ಪೆನ್ನು ಹಿಡಿದು ನಿಂತ. ಮೊದಲು ಹೇಳಿದೆನಲ್ಲ, ಇನ್ನೊಂದು ಸಲ ಅಷ್ಟು ಹೆದರಿದೆ ಅಂತ, ಅದು ಆಗ. ಸಹಿ ಹಾಕಿ ಇವರು ಮೇಜಿನ ಮೇಲೆ ಸತ್ತರೆ ಗಂಡನ ಆಣೆ ಮುರಿದು ಕೊಂದವಳು ನಾನು. ಹಾಕದೆ ಸತ್ತರೆ ನೋಡುತ್ತ ಕೂತವಳು ನಾನು. ಉಳಿದರೂ ಇವರು ನನ್ನ ಮುಖ ನೋಡುತ್ತಾರೆಯೇ? ಭಾವನವರ ರೈಲು ಇನ್ನೂ ಬಂದಿರಲಿಲ್ಲ. ನಾನು ಕಣ್ಣು ಮುಚ್ಚಿ ನಿಮ್ಮನ್ನು ಕೇಳಿದೆ. ಈಗ ಅಪ್ಪಾಜಿ ಎಲ್ಲಿರುತ್ತಾರೆ, ಊರು ಸೇರಿರುತ್ತಾರೆ, ಸ್ಟ್ಯಾಂಡಿನಲ್ಲಿ ಕೂತು ನನ್ನನ್ನೇ ನೆನೆಸಿಕೊಳ್ಳುತ್ತಿರುತ್ತಾರೆ ಅಂದುಕೊಂಡು, ಹೇಳಿ ಏನು ಮಾಡಲಿ ಅಂದೆ. ನಿಮ್ಮ ದನಿ ಪಕ್ಕದಲ್ಲೇ ಕೇಳಿದ ಹಾಗಾಯಿತು. “ಹೂಂ ಅನ್ನವ್ವ. ಜೀವ ಒಂದಿದ್ರೆ ಜಗಳ ಆಮೇಲೆ ಮಾಡಬೌದು.” ನಾನು ಸಹಿ ಹಾಕಿದೆ. ಕನ್ನಡದಲ್ಲಿ, ಒತ್ತಕ್ಷರ ಬಿಡದೆ ಬರೆದೆ. ಅಪ್ಪಾಜಿಯೇ ಹೇಳಿದ ಮೇಲೆ ಇನ್ನೇನು ಅನ್ನುವ ಧೈರ್ಯ.

ಇವರು ಉಳಿದರು. ಎಚ್ಚರವಾಗಿ ಹೊದಿಕೆಯ ಕೆಳಗೆ ಕೈಯಾಡಿಸಿ ನೋಡಿಕೊಂಡ ಮೇಲೆ ಎಷ್ಟೋ ದಿನ ಗೋಡೆ ಕಡೆ ಮುಖ ಮಾಡಿ ಮಲಗಿದರು. ನಾನು ಕೊಟ್ಟ ಗಂಜಿ ಕುಡಿದರು, ಲೋಟ ಹಿಂದಕ್ಕೆ ಕೊಡುವಾಗಲೂ ನನ್ನ ಕಡೆ ತಿರುಗಲಿಲ್ಲ. ಊರಿಗೆ ಬಂದ ಮೇಲೆ ನೋಡಲು ಬಂದವರ ಮುಂದೆ ಒಂದು ದಿನ, “ಡಾಕ್ಟ್ರು ಕೇಳಿದ್ರು, ನಾನು ಒಂದೇ ಮಾತಿನಾಗೆ ತೆಗೀರಿ ಅಂದೆ. ಹೆದರೋ ಮಾತೇ ಇಲ್ಲ,” ಅಂದರು. ನಾನು ಒಳಗೆ ಮಜ್ಜಿಗೆ ಕಡೆಯುತ್ತಿದ್ದೆ. ಕಡೆಗೋಲು ಒಂದು ಗಳಿಗೆ ನಿಲ್ಲಿಸಿ ಮತ್ತೆ ಕಡೆದೆ. ಬಂದವರು ಹೋದ ಮೇಲೆ ಇವರು ನನ್ನ ಕಡೆ ನೋಡದೆ, “ಒಂದು ಲೋಟ ಮಜ್ಜಿಗೆ ಕೊಡು,” ಅಂದರು. ಅದೇ ಇವರು ಮಾಡಿದ ರಾಜಿ. ಈಗ ಮಿಷನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ಆಳುಗಳನ್ನು ಬೈಯುತ್ತಾರೆ, ಬಾಯಿಗೆ ಏನೂ ಆಗಿಲ್ಲ.

ಮುಂಬಯಿಯಿಂದ ವಾಪಸು ಬಂದ ದಿನ ದಾವಣಗೆರೆ ಸ್ಟೇಷನ್ನಿನಲ್ಲಿ ಅವ್ವ ನಿಂತಿದ್ದಳು. ಹಣೆಯಲ್ಲಿ ಬರಿಯ ವಿಭೂತಿ ಇತ್ತು, ಕುಂಕುಮ ಇರಲಿಲ್ಲ. ಯಾರೂ ಏನೂ ಹೇಳಬೇಕಾಗಲಿಲ್ಲ. ಭಾವನವರಿಗೆ ಮುಂಬಯಿಯಲ್ಲೇ ತಂತಿ ಬಂದಿತ್ತಂತೆ, ನಾನು ಎದೆಗುಂದಿದರೆ ಇವರನ್ನು ನೋಡಿಕೊಳ್ಳುವವರು ಯಾರು ಅಂತ ಬಾಯಿ ಮುಚ್ಚಿಕೊಂಡಿದ್ದರು. ನನ್ನನ್ನು ವಿಮಾನ ಹತ್ತಿಸಿದ ಮರುದಿನ ಇನ್ನೂ ಕತ್ತಲಿರುವಾಗಲೇ ನೀವು ದಾವಣಗೆರೆಯಿಂದ ಮೊದಲ ಬಸ್ಸು ಹಿಡಿದಿರಿ. ಕಂಡಕ್ಟರು ಅಳುತ್ತ ನನಗೆ ಹೇಳಿದ. “ಹೊನ್ನಾಳ್ಯಾಗೆ ಕಾಫಿ ಕುಡಿಯಾಕೆ ಕರೆದೆ ಕಣಕ್ಕ. ಬ್ಯಾಡ ಅಂತ ತಲಿ ಅಲ್ಲಾಡಿಸಿದ್ರು. ನ್ಯಾಮ್ತಿ ಬಂತು, ಎಲ್ರೂ ಇಳಿದ್ರು, ಇವ್ರು ಇಳೀಲಿಲ್ಲ. ದೂರದಿಂದ ಬಂದಾರೆ, ನಿದ್ದಿ ಮಾಡ್ಲಿ ಅಂತ ಬಿಟ್ಟೆ.”

ಅವ್ವನನ್ನು ನಾನು ಎಷ್ಟು ಹೊತ್ತಿಗೆ ಅಂತ ಕೇಳಿದೆ. ಬೆಳಗಿನ ಬಿಸಿಲು ಜಗುಲಿಗೆ ಬರುವ ಮೊದಲೇ ನಿಮ್ಮನ್ನು ಮನೆಗೆ ತಂದು, ನಮ್ಮಲ್ಲಿ ಮಾಡುವ ಹಾಗೆ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಧರಿಸಿ ಆಗಿತ್ತಂತೆ. ಅಂದರೆ ರುದ್ರಪ್ಪ ಪೆನ್ನು ಹಿಡಿದು ನಿಂತಾಗ, ಅಪ್ಪಾಜಿ ಏನು ಮಾಡಲಿ ಅಂತ ನಾನು ಕೇಳಿದಾಗ, ನೀವು ಇರಲೇ ಇಲ್ಲ. ಸ್ಟ್ಯಾಂಡಿನಲ್ಲೂ ಇರಲಿಲ್ಲ, ಭೂಮಿಯ ಮೇಲೇ ಇರಲಿಲ್ಲ. ಅವ್ವ ಹೇಳುತ್ತಾಳೆ, ನಿನ್ನಪ್ಪನೇ ಆತ್ಮ ಆಗಿ ಬಂದು ಹೇಳಿರಬೇಕು ಅಂತ. ಆಗಲಿ, ಅವಳಿಗೆ ಅದರಿಂದ ಸಮಾಧಾನ. ನಾನು ಬಹಳ ದಿನ ಯೋಚನೆ ಮಾಡಿದೆ. ನೀವು ಬದುಕಿದ್ದು ಆ ಬಾಗಿಲಲ್ಲಿ ನಿಂತಿದ್ದರೆ ಹೂಂ ಅನ್ನುತ್ತಿದ್ದಿರೇ? ನಿಮ್ಮನ್ನು ಬಲ್ಲೆ ಅಪ್ಪಾಜಿ. ಗಂಡ ಆಣೆ ಹಾಕಿದ ಮೇಲೆ ಮಗಳು ಮೀರಬಾರದು ಅಂತ ರುಮಾಲು ಕಣ್ಣಿಗೆ ಒತ್ತಿಕೊಂಡು ಸುಮ್ಮನಾಗುತ್ತಿದ್ದಿರಿ. ಆ ಮಾತು ನಿಮ್ಮದಲ್ಲ. ನಿಮ್ಮ ದನಿಯಲ್ಲಿ ಹೇಳಿಕೊಳ್ಳದಿದ್ದರೆ ನನಗೆ ಧೈರ್ಯ ಬರುತ್ತಿರಲಿಲ್ಲ, ಅಷ್ಟೇ.

ಇವರು ಊರಿಗೆಲ್ಲ ತಾವೇ ಒಪ್ಪಿದ್ದು ಅಂತ ಹೇಳಿಕೊಳ್ಳಲಿ. ಅವ್ವ ನಿಮ್ಮ ಆತ್ಮ ಅಂದುಕೊಳ್ಳಲಿ. ನೀವೊಬ್ಬರಾದರೂ ತಿಳಿದುಕೊಳ್ಳಿ, ಅಪ್ಪಾಜಿ. ಅವತ್ತು ಹೂಂ ಅಂದವಳು ನಾನು. ಯಾರೂ ಹೇಳದೆ, ನಾನೇ.

ನಿಮ್ಮ ಮಗಳು,
ಹಾಲಮ್ಮ